ಜಪಾನ್, ಚೀನಾ ತರಿಸಿದ ನಾಟಾ ಲೆಕ್ಕ ಹಾಕಿದ ನನ್ನ ಅನುಭವ

ಉಷ್ಣವಲಯದ ಕಾಡುಗಳ ಗಟ್ಟಿಮರವನ್ನು ಜಪಾನ್ ಎಷ್ಟು ತರಿಸಿತು, ಚೀನಾ ಎಷ್ಟು ತರಿಸಿತು ಅಂತ ವರ್ಷದಿಂದ ವರ್ಷಕ್ಕೆ ಹೋಲಿಸಲು ಕೂತಿದ್ದೆ. ದೇಶಗಳ ಆಮದು-ರಫ್ತು ಅಂಕಿಅಂಶ ಇಡುವ ವಿಶ್ವಸಂಸ್ಥೆಯ ಕಾಂಟ್ರೇಡ್‌ನಲ್ಲಿ ಪ್ರತಿ ಸರಕಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ; ದಿಮ್ಮಿಗಳದ್ದು 4403. ಅದರೊಳಗೆ ಉಷ್ಣವಲಯದ ಮರಗಳ ಉಪಸಂಖ್ಯೆಗಳನ್ನು ಮಾತ್ರ ಆರಿಸಿಕೊಂಡು, 1992ರಿಂದ ಗ್ರಾಫ್ ಹಾಕಿದೆ.

ಜಪಾನಿನ ಗೆರೆ ಇಳಿಯುತ್ತಿತ್ತು, ಚೀನಾದ್ದು ಏರುತ್ತಿತ್ತು. ಕಥೆ ಇಷ್ಟೇ ಅಂದುಕೊಂಡು ಅರ್ಧ ವರದಿ ಬರೆದೂಬಿಟ್ಟೆ. ಅದು ತಪ್ಪಾಗಿತ್ತು.

ಇಂಡೋನೇಷ್ಯಾ 1985ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿ, ತನ್ನಲ್ಲೇ ಪ್ಲೈವುಡ್ ಕಾರ್ಖಾನೆಗಳನ್ನು ಬೆಳೆಸಿತು. 1993ರಲ್ಲಿ ಮಲೇಷ್ಯಾದ ಸಬಾ ರಾಜ್ಯ ಕೂಡ ದಿಮ್ಮಿ ರಫ್ತು ತಡೆಯಿತು. ಆದರೆ ಮರ ಜಪಾನಿಗೆ ಹೋಗುತ್ತಲೇ ಇತ್ತು, ಪ್ಲೈವುಡ್ ಹಾಳೆಯ ರೂಪದಲ್ಲಿ. ಅದು 4403ರಲ್ಲಿ ಎಲ್ಲಿ ಸಿಗುತ್ತದೆ? ಪ್ಲೈವುಡ್ 4412ರಲ್ಲಿದೆ, ಕೊಯ್ದ ಹಲಗೆ 4407ರಲ್ಲಿದೆ.

ಹಾಗಾಗಿ ಮೂರನ್ನೂ ದಿಮ್ಮಿಯ ಅಳತೆಗೆ ತಂದೆ. ಒಂದು ಘನ ಮೀಟರ್ ಹಲಗೆಗೆ 1.8 ಘನ ಮೀಟರ್ ದಿಮ್ಮಿ, ಪ್ಲೈವುಡ್‌ಗೆ 2.3 ಅಂತ ಹಿಡಿದೆ. ಇದು ಅಂದಾಜೇ. ಒಂದೊಂದು ಮಿಲ್ಲಿನಲ್ಲೂ ಪೋಲು ಬೇರೆ ಬೇರೆ. ಆದರೆ ಎರಡು ದೇಶಕ್ಕೂ ಎಲ್ಲ ವರ್ಷಕ್ಕೂ ಒಂದೇ ಗುಣಕ ಇದ್ದರೆ ಹೋಲಿಕೆ ನಿಲ್ಲುತ್ತದೆ. ಈಗ ಜಪಾನಿನ ಇಳಿಜಾರು ಎಷ್ಟೋ ನಿಧಾನವಾಯಿತು. ಉಳಿದ ಇಳಿಕೆ ಮಾತ್ರ ನಿಜವಾದದ್ದು. ಅಲ್ಲಿನ ಪ್ಲೈವುಡ್ ಮಿಲ್ಲುಗಳು ಉಷ್ಣವಲಯದ ಮರ ಬಿಟ್ಟು, ರಷ್ಯಾದ ಲಾರ್ಚ್, ತಮ್ಮದೇ ಸುಗಿ ಎಂಬ ಸೂಚಿಪರ್ಣಿ ಮರಗಳಿಗೆ ಹೊರಳಿದ್ದು ಇದಕ್ಕೆ ದೊಡ್ಡ ಕಾರಣ.

ಜಾಸ್ತಿ ಹೊತ್ತು ತಿಂದದ್ದು ಮಾತ್ರ ಅಂಕಿಅಂಶದ ಒಂದೇ ಒಂದು ಸಾಲು. ಆ ಸಾಲಿನ ವರ್ಷದಲ್ಲಿ ಗ್ರಾಫ್ ಗೋಪುರದ ಹಾಗೆ ಎದ್ದಿತ್ತು. ತೂಕವನ್ನು ಘನ ಮೀಟರಿನಿಂದ ಭಾಗಿಸಿದೆ. ಘನ ಮೀಟರಿಗೆ 8 ಕಿಲೋ ಬಂತು! ಅಷ್ಟು ಹಗುರ ಇರೋದು ಥರ್ಮಾಕೋಲ್, ಗಟ್ಟಿಮರ ಅಲ್ವಲ್ಲ. ಪರಿಮಾಣದ ಕಾಲಮ್ಮಿನಲ್ಲಿ ಎರಡು ಸೊನ್ನೆ ಹೆಚ್ಚು ಬಿದ್ದಿತ್ತು. ಅವತ್ತಿನಿಂದ ಪ್ರತಿ ಸಾಲಿಗೂ ಈ ಭಾಗಾಕಾರ ಮಾಡುತ್ತೇನೆ. 500ರಿಂದ 1200 ಕಿಲೋ ಒಳಗೆ ಬರದಿದ್ದರೆ ಆ ಸಾಲನ್ನು ಪಕ್ಕಕ್ಕಿಟ್ಟು, ಕಳಿಸಿದ ದೇಶದ ರಫ್ತು ಲೆಕ್ಕದ ಜೊತೆ ತಾಳೆ ನೋಡುತ್ತೇನೆ.

ಚೀನಾದ ಏರಿಕೆಗೆ 1998ರ ಯಾಂಗ್ಟ್ಸೆ ಪ್ರವಾಹ ಒಂದು ತಿರುವು. ಅದಾದ ಮೇಲೆ ಅಲ್ಲಿ ಸಹಜ ಕಾಡು ಕಡಿಯುವುದಕ್ಕೆ ಬಿಗಿಯಾದ ತಡೆ ಬಂತು, ಮರ ಹೊರಗಿನಿಂದ ಬರತೊಡಗಿತು. ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳು, ಗಬೊನ್, ಮ್ಯಾನ್ಮಾರ್ ಹೀಗೆ ಹಲವು ಕಡೆಗಳಿಂದ. ಗಬೊನ್ 2010ರಲ್ಲಿ, ಮ್ಯಾನ್ಮಾರ್ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿದವು. ಈ ವರ್ಷಗಳನ್ನು ಗ್ರಾಫಿನ ಮೇಲೆ ಗುರುತು ಮಾಡದೆ ಚೀನಾದ ಗೆರೆಯನ್ನು ಓದಲೇಬಾರದು.

ಡಾಲರಿನಲ್ಲಿ ಹಾಕಿದ ಗ್ರಾಫ್ ಇನ್ನೊಂದು ಕಥೆ ಹೇಳುತ್ತದೆ. ಬೀಟೆಯ ಜಾತಿಯ ಕೆಂಪು ಮರಗಳಿಗೆ ಚೀನಾದಲ್ಲಿ ಭಾರೀ ಬೆಲೆ. ಅಳತೆಯಲ್ಲಿ ಸ್ವಲ್ಪವೇ ಇದ್ದರೂ ಹಣದ ಗೆರೆಯನ್ನು ಅದು ಎತ್ತಿಬಿಡುತ್ತದೆ. ಅದಕ್ಕೇ ಹಣ, ಅಳತೆ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಇಟ್ಟೆ.

ಚೀನಾಕ್ಕೆ ಬಂದ ಮರವೆಲ್ಲ ಅಲ್ಲೇ ಉಳಿಯುವುದಿಲ್ಲ. ಮೇಜು, ಕುರ್ಚಿ, ಪ್ಲೈವುಡ್ ಆಗಿ ಮತ್ತೆ ಹಡಗು ಹತ್ತುತ್ತದೆ. ಪೀಠೋಪಕರಣದ ಸಂಕೇತ ಸಂಖ್ಯೆಯಲ್ಲಿ ಯಾವ ಕಾಡಿನ ಮರ ಅನ್ನೋದು ಇರುವುದಿಲ್ಲ, ಹಾಗಾಗಿ ಅದನ್ನು ಲೆಕ್ಕದಿಂದ ಕಳೆಯಲೂ ಆಗಲಿಲ್ಲ. ಕೊನೆಗೆ ವರದಿಯ ತಲೆಬರಹದಲ್ಲಿದ್ದ ‘ಬಳಕೆ’ ಎಂಬ ಪದ ಹೊಡೆದುಹಾಕಿ ‘ಆಮದು’ ಅಂತ ಬರೆದೆ.