ಪೈಪ್ ಹಾಕಿದರೂ ಆರ್‌ಎಂ ಯಾಕೆ ಕೇಳುವುದಿಲ್ಲ?

ಶೆಲ್ ಸ್ಕ್ರಿಪ್ಟ್ (ಟರ್ಮಿನಲ್ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಬರೆಯಲು ಶುರು ಮಾಡಿದವರಿಗೆ ಪೈಪ್ ಬೇಗ ಒಲಿಯುತ್ತದೆ. ಆಮೇಲೆ ಫೈಲ್‌ಗಳ ಪಟ್ಟಿಯನ್ನು ಫೈಲ್ ಅಳಿಸುವ ಆರ್‌ಎಂ ಕಮಾಂಡ್‌ಗೆ ನೇರವಾಗಿ ಪೈಪ್ ಮಾಡುತ್ತಾರೆ. ಅದು ‘ಮಿಸ್ಸಿಂಗ್ ಆಪರಂಡ್’ (ಯಾವ ಫೈಲ್ ಎಂದು ಹೇಳಿಲ್ಲ) ಎಂದು ಕೈಚೆಲ್ಲುತ್ತದೆ. ಎಷ್ಟೋ ಜನ ಸಿಕ್ಕಿಬೀಳುವುದು ಇಲ್ಲೇ.

ಮೊದಲ ಹಂತ ಸುಲಭ. ಎರಡು ಕಮಾಂಡ್‌ಗಳ ನಡುವೆ | ಗೆರೆ ಹಾಕಿ. ಎಡಗಡೆಯದರ ಔಟ್‌ಪುಟ್ ಬಲಗಡೆಯದಕ್ಕೆ ಇನ್‌ಪುಟ್ ಆಗುತ್ತದೆ. ತೋಟದ ಪೈಪಿನ ಹಾಗೆ ಪ್ರೋಗ್ರಾಂಗಳನ್ನು ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್ ಆಪರೇಟಿಂಗ್ ಸಿಸ್ಟಂಗೆ ಸೇರಿಸಿದರು. ಪದವಿರುವ ಸಾಲು ಹುಡುಕುವ ಗ್ರೆಪ್, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್, ಸಾಲು-ಪದ ಎಣಿಸುವ ಡಬ್ಲ್ಯೂಸಿ ಎಲ್ಲವೂ ಹೀಗೆ ಬಂದದ್ದನ್ನು ಓದಿಕೊಳ್ಳುತ್ತವೆ. ಮತ್ತೆ ಮತ್ತೆ ಬಂದ ಸಾಲುಗಳನ್ನು ಒಂದಾಗಿಸುವ ಯೂನಿಕ್‌ಗೆ ಕಳಿಸುವ ಮೊದಲು ಮಾತ್ರ ಸಾರ್ಟ್ ಮಾಡಿ. ಅದು ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ.

ಈಗ ಕಷ್ಟದ ಹಂತ. ಆರ್‌ಎಂ, ಕೊಟ್ಟದ್ದನ್ನು ಪರದೆಗೆ ಬರೆಯುವ ಎಕೋ, ಫೋಲ್ಡರ್ ಮಾಡುವ ಎಂಕೆಡಿಐಆರ್ ಪೈಪ್‌ನಲ್ಲಿ ಬಂದದ್ದನ್ನು ತಿರುಗಿಯೂ ನೋಡುವುದಿಲ್ಲ. ಅವಕ್ಕೆ ಹೆಸರುಗಳು ಆರ್ಗ್ಯುಮೆಂಟ್ ಆಗಿ, ಅಂದರೆ ಕಮಾಂಡ್‌ನ ಪಕ್ಕದಲ್ಲೇ ಸಿಗಬೇಕು. ಪೈಪ್‌ನಲ್ಲಿ ಬಂದದ್ದನ್ನು ಹಾಗೆ ಪಕ್ಕಕ್ಕೆ ತಂದು ಕೊಡುವುದು ಎಕ್ಸ್‌ಆರ್ಗ್ಸ್. ಆದರೆ ಬರೀ ಎಕ್ಸ್‌ಆರ್ಗ್ಸ್ ಸ್ಪೇಸ್ ಕಂಡಲ್ಲೆಲ್ಲ ಹೆಸರನ್ನು ತುಂಡು ಮಾಡುತ್ತದೆ.

ಫೋಲ್ಡರ್‌ನಲ್ಲಿ ‘ಬಿಲ್’ ಎಂಬ ಬೇಕಾದ ಫೈಲ್ ಇದೆ, ‘ಬಿಲ್ ಹಳೆಯದು.ಟಿಎಂಪಿ’ ಎಂಬ ಬೇಡದ ಫೈಲೂ ಇದೆ ಅಂದುಕೊಳ್ಳಿ. ಟಿಎಂಪಿ ಫೈಲ್ ಹುಡುಕಲು ಹೇಳಿದರೆ ಫೈಂಡ್ ಕಮಾಂಡ್ ಸರಿಯಾಗಿಯೇ ಎರಡನೆಯದನ್ನು ಹುಡುಕಿ ಕೊಡುತ್ತದೆ. ಎಕ್ಸ್‌ಆರ್ಗ್ಸ್ ಅದನ್ನು ‘ಬಿಲ್’ ಮತ್ತು ‘ಹಳೆಯದು.ಟಿಎಂಪಿ’ ಎಂದು ಒಡೆದು ಆರ್‌ಎಂಗೆ ಕೊಡುತ್ತದೆ. ಬೇಕಾದ ಬಿಲ್ ಅಳಿಸಿಹೋಗುತ್ತದೆ, ಕಸ ಅಲ್ಲೇ ಉಳಿಯುತ್ತದೆ!

ಹಾಗಾಗಿ ಯಾವಾಗಲೂ ಹೀಗೇ ಬರೆಯಿರಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ):

ಫೈಂಡ್ . -ನೇಮ್ '*.ಟಿಎಂಪಿ' -ಪ್ರಿಂಟ್0 | ಎಕ್ಸ್‌ಆರ್ಗ್ಸ್ -0 ಆರ್‌ಎಂ

ಆ ಸೊನ್ನೆಗಳೇ ಇಲ್ಲಿ ಜೀವ. ಹೆಸರುಗಳ ನಡುವೆ ನಲ್ ಅಕ್ಷರ ಬರುತ್ತದೆ, ಅದು ಯಾವ ಫೈಲ್ ಹೆಸರಿನಲ್ಲೂ ಇರುವಂತಿಲ್ಲ. ಒಂದು ಕಡೆ ಸೊನ್ನೆ ಹಾಕಿ ಇನ್ನೊಂದು ಕಡೆ ಮರೆತರೆ ಪ್ರಯೋಜನವಿಲ್ಲ. ಅಳಿಸುವ ಮುನ್ನ ಆರ್‌ಎಂ ಜಾಗದಲ್ಲಿ ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಹಾಕಿ ನೋಡಿ. ತುಂಡಾದ ಹೆಸರಿಗೆ ಅದು ‘ಅಂಥ ಫೈಲ್ ಇಲ್ಲ’ ಎಂದು ದೂರುತ್ತದೆ. ಎಕೋ ಹಾಕಿದರೆ ತುಂಡಾದದ್ದು ಗೊತ್ತೇ ಆಗುವುದಿಲ್ಲ.

ಫೈಂಡ್‌ನಲ್ಲೇ -ಡಿಲೀಟ್ ಇದೆ ಅಲ್ವಾ ಎನ್ನಬಹುದು. ಇದೆ, ಆದರೆ ಅದನ್ನು ಅಪ್ಪಿತಪ್ಪಿ -ನೇಮ್‌ಗಿಂತ ಮೊದಲು ಬರೆದರೆ ಹೆಸರು ನೋಡದೆ ಎಲ್ಲವನ್ನೂ ಅಳಿಸುತ್ತದೆ. ಕಲಿಯುವವರು ಅದರ ಸಹವಾಸಕ್ಕೆ ಹೋಗಬೇಡಿ. ಎಲ್‌ಎಸ್ ಕೊಟ್ಟ ಹೆಸರುಗಳನ್ನು ಒಂದೊಂದಾಗಿ ತೆಗೆದುಕೊಳ್ಳುವ ‘ಫಾರ್ ಎಫ್ ಇನ್ $(ಎಲ್‌ಎಸ್)’ ಎಂಬ ಶಾರ್ಟ್‌ಕಟ್ ಕೂಡ ಬೇಡ, ಅದಕ್ಕೂ ಸ್ಪೇಸ್‌ನದೇ ರೋಗ.

ಔಟ್‌ಪುಟ್ ಒಂದೇ ಒಂದು ಹೆಸರಾಗಿದ್ದರೆ "$( )" ಸಾಕು, ಒಳಗೆ ಬರೆದ ಕಮಾಂಡ್‌ನ ಔಟ್‌ಪುಟ್ ಅದೇ ಜಾಗಕ್ಕೆ ಬರುತ್ತದೆ. ಡಬಲ್ ಕೋಟ್ ಮಾತ್ರ ಬಿಡಬೇಡಿ.

ಕೊನೆಗೆ, ತಪ್ಪಾದರೆ ಗೊತ್ತಾಗಬೇಕು. ಡೇಟಾಬೇಸ್ ಬ್ಯಾಕಪ್ ತೆಗೆದು, ಅದನ್ನು ಕುಗ್ಗಿಸುವ ಜಿಜಿಪ್‌ಗೆ ಪೈಪ್ ಮಾಡಿದ್ದೀರಿ. ಬ್ಯಾಕಪ್ ಅರ್ಧಕ್ಕೇ ನಿಂತರೂ ಜಿಜಿಪ್ ತನ್ನ ಕೆಲಸ ಮುಗಿಸುತ್ತದೆ. ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಫಲಿತಾಂಶವನ್ನು ಮಾತ್ರ, ಹಾಗಾಗಿ ಎಲ್ಲ ಸರಿ ಎನ್ನುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಶೆಲ್ ಹೆಸರಿಸಿ, ಎರಡನೇ ಸಾಲಿಗೆ ‘ಸೆಟ್ -ಓ ಪೈಪ್‌ಫೇಲ್’ ಬರೆಯಿರಿ. ಆಗ ಯಾವ ಕಮಾಂಡ್ ಸೋತರೂ ಇಡೀ ಪೈಪ್‌ಲೈನ್ ಸೋತಂತೆ. ಆಮೇಲೆ ಪೈಪ್‌ಲೈನ್‌ನ ಫಲಿತಾಂಶವನ್ನು ‘ಇಫ್’ನಲ್ಲಿ ಪರೀಕ್ಷಿಸಿ, ಸೊನ್ನೆ (ಅಂದರೆ ಎಲ್ಲ ಸರಿ) ಬಂದರೆ ಮಾತ್ರ ಹಳೆಯ ಬ್ಯಾಕಪ್ ಅಳಿಸಿ.