ವಿಯೆನ್ನಾದ ಕಾಫಿಮನೆಯಲ್ಲಿ ಕೂರುವುದು ಹೇಗೆ?

ಮೊದಲ ಸಲ ವಿಯೆನ್ನಾಕ್ಕೆ ಹೋದಾಗ ನಾನು ಐದೇ ನಿಮಿಷದಲ್ಲಿ ಕಾಫಿ ಕುಡಿದು ಮುಗಿಸಿದೆ. ದರ್ಶಿನಿಯಲ್ಲಿ ನಿಂತು ಕುಡಿದ ಅಭ್ಯಾಸ, ಏನು ಮಾಡೋದು? ಆಮೇಲೆ ಬಿಲ್‌ಗೆ ಕಾಯುತ್ತಾ ಕೂತೆ. ಅರ್ಧ ಗಂಟೆಯಾದರೂ ವೇಟರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟು ಅಸಡ್ಡೆ ಅಂತ ಒಳಗೊಳಗೇ ಉರಿದುಕೊಂಡೆ. ತಪ್ಪು ನನ್ನದೇ. ಗಿರಾಕಿ ಕೇಳುವ ಮುಂಚೆ ಬಿಲ್ ತಂದಿಟ್ಟರೆ ಅಲ್ಲಿ ‘ಎದ್ದು ಹೋಗಿ’ ಅಂದ ಹಾಗೆ.

ಕಪ್ಪಿಗೆ 5–6 ಯೂರೋ ಆಗುತ್ತದೆ. ಜಾಸ್ತಿ ಅನಿಸುತ್ತೆ, ಅಲ್ವಾ? ಆದರೆ ಕುರ್ಚಿ, ಮೇಜು, ದಿನಪತ್ರಿಕೆ, ನೀರು ಎಲ್ಲವೂ ಅದರಲ್ಲೇ ಬಂತು. ಹಾಗಾಗಿ ಎರಡು ಗಂಟೆ ಬಿಡುವು ಇಟ್ಟುಕೊಂಡೇ ಹೋಗಿ. ಈ ಕೂರುವ ಪದ್ಧತಿಯನ್ನೇ ಆಸ್ಟ್ರಿಯಾ 2011ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಮೊದಲು ಜಾಗ ಆರಿಸಿ

ಎಲ್ಲರೂ ಹೋಗುವುದು ಹೆರೆನ್‌ಗಾಸೆ ಬೀದಿಯ ಕೆಫೆ ಸೆಂಟ್ರಾಲ್‌ಗೆ. 1876ರದು. ರಷ್ಯದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಇಲ್ಲಿ ಚೆಸ್ ಆಡುತ್ತಿದ್ದ. ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕನಂತೂ ಕಾಗದಪತ್ರಗಳಿಗೆ ಈ ಕೆಫೆಯ ವಿಳಾಸವನ್ನೇ ಕೊಡುತ್ತಿದ್ದ. ಬಾಗಿಲ ಹತ್ತಿರ ಅವನ ಬೊಂಬೆ ಈಗಲೂ ಕೂತಿದೆ. ಆದರೆ ಹೊರಗೆ ಕ್ಯೂ ಇರುತ್ತದೆ. ಕಮಾನು ನೋಡಬೇಕೆಂದರೆ ಹೋಗಿ, ನೆಮ್ಮದಿಯಾಗಿ ಕೂರಬೇಕೆಂದರೆ 1880ರ ಕೆಫೆ ಸ್ಪೆರ್ಲ್ ವಾಸಿ. ಹಳೆಯ ಬಿಲಿಯರ್ಡ್ಸ್ ಮೇಜುಗಳ ಮೇಲೆ ಪತ್ರಿಕೆಗಳನ್ನು ಹರಡಿರುತ್ತಾರೆ. ರಾತ್ರಿಯಾದರೆ ಹಾವೆಲ್ಕಾ. ಮಬ್ಬು ಬೆಳಕು, ಬಿಸಿಬಿಸಿ ಬುಖ್ಟೆಲ್ನ್, ಅಂದರೆ ಒಳಗೆ ಜಾಮ್ ತುಂಬಿದ ಬನ್ನು.

ಸುಮ್ನೆ ‘ಕಾಫಿ’ ಅನ್ನಬೇಡಿ

ಬಾಗಿಲಲ್ಲಿ ‘ಕೂರಿಸುತ್ತೇವೆ, ನಿಲ್ಲಿ’ ಎಂಬ ಬೋರ್ಡ್ ಇಲ್ಲದಿದ್ದರೆ ಖಾಲಿ ಮೇಜು ನೋಡಿ ನೀವೇ ಕೂರಿ. ‘ಗ್ರ್ಯೂಸ್ ಗಾಟ್’ ಅನ್ನುವುದು ಅಲ್ಲಿನ ನಮಸ್ಕಾರ. ವೇಟರ್‌ಗೆ ‘ಹೆರ್ ಓಬರ್’ ಅನ್ನಿ. ಕೋಟು, ಬೋ ಟೈ ಹಾಕಿಕೊಂಡು ಸ್ವಲ್ಪ ಬಿಗುಮುಖದಲ್ಲೇ ಇರುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬರೀ ‘ಕಾಫಿ’ ಅಂದರೆ ‘ಯಾವ ಕಾಫಿ?’ ಅನ್ನುತ್ತಾರೆ. ನಮ್ಮ ನಾಲಿಗೆಗೆ ಹತ್ತಿರದ್ದು ಮೆಲಾಂಜ್: ಅರ್ಧ ಕಾಫಿ, ಅರ್ಧ ಬಿಸಿ ಹಾಲು, ಮೇಲೆ ನೊರೆ. ಫಿಲ್ಟರ್ ಕಾಫಿಯ ಖಡಕ್ಕು ಹುಡುಕಬೇಡಿ, ಸಿಗುವುದಿಲ್ಲ. ಸಕ್ಕರೆ ಬೇರೆ ಕೊಡುತ್ತಾರೆ. ಕಡುವಾಗಿ ಬೇಕೆಂದರೆ ಕ್ಲೈನರ್ ಬ್ರೌನರ್, ಚಿಕ್ಕ ಕಪ್ಪಿನಲ್ಲಿ ಕಾಫಿ, ಪಕ್ಕದಲ್ಲಿ ಚೂರು ಹಾಲು. ನನಗಿಷ್ಟವಾದದ್ದು ಐನ್‌ಶ್ಪೆನರ್. ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಗುಡ್ಡೆಯಷ್ಟು ಕಡೆದ ಕೆನೆ. ಹೆಸರಿನ ಅರ್ಥ ಒಂಟಿ ಕುದುರೆಯ ಗಾಡಿ. ಚಳಿಯಲ್ಲಿ ಕಾಯುವ ಗಾಡಿಯವರಿಗೆ ಕೆನೆಯ ಮುಚ್ಚಳದಡಿ ಕಾಫಿ ಬಿಸಿ ಆರುತ್ತಿರಲಿಲ್ಲವಂತೆ. ಕಲಕದೆ, ಕೆನೆಯ ಮೂಲಕವೇ ಹೀರಿ.

ಕಾಫಿ ಬರುವುದು ಪುಟ್ಟ ಬೆಳ್ಳಿಬಣ್ಣದ ತಟ್ಟೆಯಲ್ಲಿ, ಜೊತೆಗೆ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಬೋರಲು ಚಮಚ. ಅದು ನಲ್ಲಿ ನೀರೇ, ಧೈರ್ಯವಾಗಿ ಕುಡಿಯಿರಿ. 1873ರಿಂದ ಆಲ್ಪ್ಸ್ ಬೆಟ್ಟದ ಊಟೆಗಳಿಂದ ಕೊಳವೆಯಲ್ಲಿ ಊರಿಗೆ ಹರಿದು ಬರುತ್ತಿದೆ.

ಊರಿಗೆ ಕಾಫಿ ಬಂದ ಕಥೆಯನ್ನೂ ಕೇಳುತ್ತೀರಿ. 1683ರಲ್ಲಿ ಮುತ್ತಿಗೆ ಹಾಕಿದ್ದ ತುರ್ಕರು ಸೋತು ಓಡುವಾಗ ಬಿಟ್ಟುಹೋದ ಮೂಟೆಗಳಲ್ಲಿ ಕಾಫಿ ಬೀಜ ಸಿಕ್ಕಿತು ಅಂತ. ನಮ್ಮ ಬಾಬಾ ಬುಡನ್ ತಂದ ಏಳು ಬೀಜದ ಹಾಗೆ, ಹೇಳಲು ಸೊಗಸು. ದಾಖಲೆಯಲ್ಲಿರುವುದು ಬೇರೆ: 1685ರಲ್ಲಿ ಡಿಯೊಡಾಟೊ ಎಂಬ ಅರ್ಮೇನಿಯನ್ ವ್ಯಾಪಾರಿಗೆ ಕಾಫಿ ಮಾರಲು ಪರವಾನಗಿ ಸಿಕ್ಕಿತು.

ಕೇಕು

ಸಾಖರ್ ಟೋರ್ಟೆ ತಿನ್ನದೆ ಬರಬೇಡಿ ಅನ್ನುತ್ತಾರೆ. 1832ರಲ್ಲಿ ಫ್ರಾಂಟ್ಸ್ ಸಾಖರ್ ಎಂಬ ಹದಿಹರೆಯದ ಹುಡುಗ ಮಾಡಿದ್ದಂತೆ. ಇದರ ‘ಅಸಲಿ’ ಹೆಸರಿಗಾಗಿ ಹೋಟೆಲ್ ಸಾಖರ್ ಮತ್ತು ಡೆಮೆಲ್ ಬೇಕರಿ ವರ್ಷಗಟ್ಟಲೆ ಕೋರ್ಟು ಹತ್ತಿದ್ದವು. ಸಾಖರ್‌ನವರದರಲ್ಲಿ ಏಪ್ರಿಕಾಟ್ ಜಾಮ್ ನಡುವೆಯೂ ಇದೆ, ಡೆಮೆಲ್‌ನವರದರಲ್ಲಿ ಮೇಲಿನ ಚಾಕೊಲೇಟ್ ಪದರದ ಕೆಳಗೆ ಮಾತ್ರ. ನನಗೆ ಎರಡೂ ಸ್ವಲ್ಪ ಒಣಕಲು. ಪಕ್ಕದ ಸಪ್ಪೆ ಕೆನೆ ಇರುವುದೇ ಅದಕ್ಕೆ, ಬಿಡಬೇಡಿ. ಮೊಟ್ಟೆ ತಿನ್ನದವರು ಆಪ್‌ಫೆಲ್‌ಸ್ಟ್ರೂಡೆಲ್ ಎಂಬ ಸೇಬಿನ ಸುರುಳಿಯನ್ನು ವಿಚಾರಿಸಬಹುದು. ಅದರಲ್ಲೂ ಮೊಟ್ಟೆ ಇದೆಯಾ ಅಂತ ಒಮ್ಮೆ ಕೇಳಿಯೇ ತಿನ್ನಿ.

ಬಿಲ್

‘ತ್ಸಾಲೆನ್, ಬಿಟ್ಟೆ’ ಅಂದರೆ ಬಿಲ್ ಬರುತ್ತದೆ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವ ರೂಢಿ ಇಲ್ಲ. ಬಿಲ್ 12.60 ಯೂರೋ ಆಗಿದ್ದರೆ 20ರ ನೋಟು ಕೊಟ್ಟು ‘14’ ಅನ್ನಿ. 6 ಯೂರೋ ವಾಪಸ್ ಕೊಡುತ್ತಾರೆ. ಒಂದು ಎಚ್ಚರಿಕೆ: ನೋಟು ಕೊಡುವಾಗಲೇ ‘ಡಾಂಕೆ’ ಅಂದುಬಿಟ್ಟರೆ ‘ಚಿಲ್ಲರೆ ನೀವೇ ಇಟ್ಟುಕೊಳ್ಳಿ’ ಅಂತ ಅರ್ಥವಾಗುತ್ತದೆ. ಥ್ಯಾಂಕ್ಸ್ ಹೇಳುವುದಿದ್ದರೆ ಚಿಲ್ಲರೆ ಕೈಗೆ ಬಂದ ಮೇಲೆ ಹೇಳಿ.

ಸಂಜೆ ಉಳಿದರೆ

‘ಡಿ’ ಟ್ರಾಮ್ ಹತ್ತಿ ನುಸ್‌ಡೋರ್ಫ್‌ಗೆ ಹೋಗಿ. ಊರಿನ ಗಡಿಯೊಳಗೇ ದ್ರಾಕ್ಷಿ ತೋಟಗಳಿವೆ. ಬೆಳೆಗಾರರು ತಮ್ಮದೇ ವೈನನ್ನು ಮನೆಯಲ್ಲೇ ಮಾರಬಹುದೆಂದು ಚಕ್ರವರ್ತಿ ಎರಡನೇ ಯೋಸೆಫ್ 1784ರಲ್ಲಿ ಅಪ್ಪಣೆ ಕೊಟ್ಟ. ಹೊಯ್‌ರಿಗರ್, ಅಂದರೆ ಬೆಳೆಗಾರರ ಈ ವೈನ್ ಮನೆಗಳು, ಅಲ್ಲಿಂದ ನಡೆದುಕೊಂಡು ಬಂದಿವೆ. ವೈನ್ ಮೇಜಿಗೆ ಬರುತ್ತದೆ, ತಿಂಡಿಯನ್ನು ಹೆಚ್ಚಾಗಿ ಕೌಂಟರಿನಲ್ಲಿ ನೀವೇ ಆರಿಸಬೇಕು. ಕುಡಿಯದವರಿಗೆ ದ್ರಾಕ್ಷಿ ರಸ ಇದೆ, ಸಸ್ಯಾಹಾರಿಗಳಿಗೆ ಬ್ರೆಡ್ಡಿಗೆ ಹಚ್ಚುವ ಲಿಪ್ಟಾವರ್ ಎಂಬ ಖಾರವಿಲ್ಲದ ಕೆಂಪು ಚೀಸು. ಬಾಗಿಲ ಮೇಲೆ ಪೈನ್ ಕೊಂಬೆ ನೇತಾಡುತ್ತಿದ್ದರೆ ತೆರೆದಿದೆ ಅಂತ. ಕೊಂಬೆ ಕಾಣದಿದ್ದರೆ ತಟ್ಟಬೇಡಿ, ಪಕ್ಕದ ಮನೆ ನೋಡಿ.