ತಂಬೂರಿ ದಪ್ಪಾಗೈತಿ, ರಿಮೋಟ್ ಕೊಡ್ರಿಲ್ಲೆ

ಹೋದ ತಿಂಗಳ ಬೆಟಗೇರಿಯೊಳಗ ನಮ್ಮ ಕಾಕಾನ ಮನಿಗೆ ಹೋಗಿದ್ದೆ. ಹೊಸಾ 43 ಇಂಚಿನ ಟಿವಿ ಗ್ವಾಡಿಗೆ ಹಾಕ್ಸಿದ್ರು, ಅದರಾಗ ಗಂಗೂಬಾಯಿ ಹಾನಗಲ್ ಅವರ ಯಾವುದೋ ಹಳೀ ಕಚೇರಿ ಹತ್ತಿತ್ತು, ದನಿ ಏನೋ ಅದ ದನಿ, ಆದ್ರ ಹಿಂದ ಕುಂತೋರ ಕೈಯಾಗಿನ ತಂಬೂರಿ ಬುರುಡಿ ಯಾರೋ ಮ್ಯಾಲ ಕುಂತು ಒತ್ತಿದಂಗ ಅಡ್ಡಡ್ಡ ಉಬ್ಬಿತ್ತು, ತಬಲಾದಾಂವನ ಮಾರಿ ಬೋಗುಣಿ ಆಗಿತ್ತು. ನಾ ರಿಮೋಟ್ ತಗೊಂಡು 4:3 ಅಂತ ಇದ್ದದ್ದು ಒತ್ತಿದೆ. ಆಜೂಬಾಜೂ ಕರೀ ಪಟ್ಟಿ ಬಂದ್ವು, ತಂಬೂರಿ ಹೊಳ್ಳಿ ತಂಬೂರಿ ಆತು. ಕಾಕಾ ಸಿಟ್ಟಾದ್ರು.

"ಏ ತಮ್ಮಾ, 43 ಇಂಚಿಗೆ ರೊಕ್ಕ ಎಣಿಸೇನಿ, ಕರೀ ಪಟ್ಟಿ ನೋಡಾಕ ಅಲ್ಲ. ಮೊದಲಿನಂಗ ತುಂಬ ಮಾಡದನ್ನ."

ಈ ಮಾತು ನಾ ಹುಬ್ಬಳ್ಳಿ ಕೇಶ್ವಾಪುರದಾಗೂ ಕೇಳೇನಿ, ಧಾರವಾಡದ ಮಾಳಮಡ್ಡಿಯಾಗೂ ಕೇಳೇನಿ, ಎಲ್ಲಾರದೂ ಒಂದ ತಕರಾರು. ಹಂಗಾಗಿ ಕಾಕಾಗ ಒಂದ್ ಲೆಕ್ಕ ಹೇಳಿದೆ. 43 ಇಂಚು ಅಂದ್ರ ಮೂಲಿಯಿಂದ ಮೂಲಿಗೆ ಅಳತಿ, ಪರದೆ ಅಗಲ ಸುಮಾರು 37.5 ಇಂಚು, ಎತ್ತರ 21. ಹಳೀ ಚಿತ್ರ ಅದರಾಗ ಬರೋಬ್ಬರಿ ಕುಂತ್ರ 28 ಇಂಚು ಅಗಲ 21 ಇಂಚು ಎತ್ತರ, ಅಂದ್ರ ಮೂಲಿಯಿಂದ ಮೂಲಿಗೆ 35 ಇಂಚು. ನಿಮ್ಮ ಹಳೀ ಡಬ್ಬಿ ಟಿವಿ ಎಷ್ಟಿತ್ತು ಕಾಕಾ? 21. ಮತ್ತ ಕರೀ ಪಟ್ಟಿ ಇದ್ರೂ 35 ಇಂಚಿನ ಟಿವಿ ನೋಡಾಕತ್ತೀರಿ, ಲುಕ್ಸಾನ ಎಲ್ಲಾತು? ಕಾಕಾ ಸುಮ್ನಾದ್ರು, ಒಪ್ಪಿದ್ರು ಅಂತ ಏನಿಲ್ಲ.

ಇದರ ಮೂಲ ಏನಂದ್ರ ಚಿತ್ರದ್ದೊಂದು ಆಕಾರ, ಪರದೆದೊಂದು ಆಕಾರ. ಹಳೀ ಟಿವಿ ಕಾಲದ್ದೆಲ್ಲಾ 4:3, ಅಂದ್ರ ಅಗಲ ನಾಕು ಪಾಲು ಇದ್ರ ಎತ್ತರ ಮೂರು ಪಾಲು. ಸಿನಿಮಾದೋರು ಟಿವಿ ಮುಂದ ಕುಂತ ಮಂದೀನ್ನ ಹೊಳ್ಳಿ ಥೇಟರಿಗೆ ಕರ್ಕೊಂಡ ಬರಾಕ 1953ರಾಗ ಸಿನಿಮಾಸ್ಕೋಪ್ ತಂದ್ರು, ಅದು ಎತ್ತರದ ಎರಡೂವರಿ ಪಟ್ಟಿನ ಹತ್ರ ಅಗಲ. ಮುಂದ 1980ರ ದಶಕದಾಗ ಹೊಸಾ ಟಿವಿಗೆ ಯಾವ ಆಕಾರ ಇಡೂದು ಅಂತ ಅಮೆರಿಕದಾಗ ಚರ್ಚೆ ನಡದಾಗ ಕರ್ನ್ಸ್ ಪವರ್ಸ್ ಅನ್ನೋ ಎಂಜಿನಿಯರ್ ಈ ಎಲ್ಲಾ ಆಕಾರದ ಚೌಕಟ್ಟು ಒಂದರ ಮ್ಯಾಲೊಂದು ಇಟ್ಟು ನೋಡಿ, ಎಲ್ಲಾರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ ಆಗೋ ನಡುವಿನ ಆಕಾರ ಆರಿಸಿದ್ರು, ಅದ 16:9. 4ನ್ನ 4ರಿಂದ, 3ನ್ನ 3ರಿಂದ ಗುಣಿಸ್ರಿ, 16:9 ಬರ್ತದ. ಚಂದ ಐತಿ ಅಲ್ಲ? ಹಿಂಗಾಗಿ ಹಳೀದು ಹಾಕಿದ್ರ ಆಜೂಬಾಜೂ ಪಟ್ಟಿ, ದೊಡ್ಡ ಪರದೆ ಸಿನಿಮಾ ಹಾಕಿದ್ರ ಮ್ಯಾಲ ಕೆಳಗ ಪಟ್ಟಿ, ಇದು ಟಿವಿ ಕೆಟ್ಟದ್ದಲ್ಲ, ಚಿತ್ರ ಪೂರಾ ಬಂದೈತಿ ಅನ್ನೂದಕ್ಕ ಗುರ್ತು.

ಮೊದಲ ತಾಟಿನ ಪರೀಕ್ಷೆ

ಕಣ್ಣಂದಾಜಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ, ನಾಕು ದಿನ ದಪ್ಪ ಮಾರಿ ನೋಡಿದ್ರ ಕಣ್ಣಿಗೆ ಅದ ಸರಿ ಅನ್ನಿಸ್ತದ. ಪರದೆ ಮ್ಯಾಲ ಯಾವುದರ ದುಂಡಗಿನ ವಸ್ತು ಬಂದಾಗ ಚಿತ್ರ ಅಲ್ಲೇ ನಿಲ್ಲಸ್ರಿ, ಗಡಿಯಾರ, ನೇರ ಬಾಜೂಕಿಂದ ಕಾಣೋ ಗಾಲಿ, ಚಾನೆಲ್ಲಿನ ದುಂಡು ಲೋಗೊ, ಏನಾದ್ರೂ ಆಗ್ಲಿ. ಚಿತ್ರ ನಿಲ್ಲಂಗಿಲ್ಲಾಂದ್ರ ಮೊಬೈಲ್‌ನ್ಯಾಗ ಪರದೆದು ಒಂದ್ ಫೋಟೊ ಹೊಡೀರಿ, ಆದ್ರ ನೇರ ಎದುರಿಗೆ ನಿಂತು. ಸ್ಕೇಲ್ ಇಲ್ಲಾ ದರ್ಜಿ ಟೇಪ್ ಹಿಡದು ಅಡ್ಡ ಎಷ್ಟು, ಉದ್ದ ಎಷ್ಟು ಅಳೀರಿ. ಎರಡೂ ಒಂದ ಇದ್ರ ನಿಮಗ ಈ ಲೇಖನ ಬ್ಯಾಡ, ಮುಂದಿನ ಪುಟಕ್ಕ ಹೋಗ್ರಿ. ಅಡ್ಡ 16 ಸೆಂಟಿಮೀಟರ್, ಉದ್ದ 12 ಬಂದ್ರ 4:3 ಚಿತ್ರಾನ ಎಳದು ತುಂಬ್ಸೈತಿ ಅಂತ ಲೆಕ್ಕ, ಮೂರರಾಗ ಒಂದು ಪಾಲು ಜಾಸ್ತಿ ಅಗಲ.

ಪೆನ್‌ಡ್ರೈವ್‌ನ್ಯಾಗ ಸ್ಟೀಲ್ ತಾಟಿನ ಫೋಟೊ ಹಾಕಿ ನೋಡಬಹುದಲ್ಲ ಅಂತ ನಮ್ಮ ತಂಗಿ ಕೇಳಿದ್ಲು. ನೋಡಬಹುದು (ರೊಟ್ಟಿ ಫೋಟೊ ಬ್ಯಾಡ, ನಮ್ಮನಿ ರೊಟ್ಟಿ ಯಾವತ್ತೂ ಪೂರಾ ದುಂಡಗ ಆಗಿಲ್ಲ), ಆದ್ರ ಅದು ಪೆನ್‌ಡ್ರೈವ್ ಸರಿ ಐತಿ ಅಂತ ಅಷ್ಟ ಹೇಳ್ತದ. ಭಾಳ ಟಿವಿಯೊಳಗ ಈ ಸೆಟ್ಟಿಂಗ್ ಒಂದೊಂದು ಇನ್‌ಪುಟ್‌ಗೆ, ಅಂದ್ರ ಹಿಂದಿನ ಒಂದೊಂದು ವೈರಿನ ತೂತಿಗೆ, ಬ್ಯಾರೆ ಬ್ಯಾರೆ ನೆನಪಿಡ್ತಾವ, ಎಚ್‌ಡಿಎಂಐ 1ಕ್ಕ ಒಂದು, 2ಕ್ಕ ಇನ್ನೊಂದು. ಡಬ್ಬಿ, ಅಂದ್ರ ಚಾನೆಲ್ ತರೋ ಸೆಟಪ್ ಬಾಕ್ಸ್, ನೋಡೂದಿದ್ರ ಡಬ್ಬಿ ಹಚ್ಚೇ ಪರೀಕ್ಷೆ ಮಾಡ್ರಿ.

ವೈರ್ ಯಾವುದೈತಿ ನೋಡ್ರಿ

ಹೊಸಾ ಟಿವಿ ತಂದು ಹಳೀ ಹಳದಿ-ಕೆಂಪು-ಬಿಳಿ ಮೂರು ಪಿನ್ನಿನ ವೈರ್‌ಲೇ ಸೆಟಪ್ ಬಾಕ್ಸ್ ಹಚ್ಚಿದ ಮನಿ ಎಷ್ಟು ನೋಡೇನೋ ನಾ. ಆ ಹಳದಿ ವೈರಿನಾಗ ಎಚ್‌ಡಿ ಹೋಗಂಗ ಇಲ್ಲ, 576 ಗೆರಿದ ಹಳೀ ಸಿಗ್ನಲ್ ಅಷ್ಟ. ನಿಮ್ಮ ಡಬ್ಬಿ ಹಿಂದ ಎಚ್‌ಡಿಎಂಐ ತೂತು ಇದ್ರ ಆ ವೈರ್ ತಂದು ಹಾಕ್ರಿ, ಕೊಪ್ಪೀಕರ ರೋಡಿನ್ಯಾಗ ಯಾವ ಅಂಗಡಿಗೆ ಹೋದ್ರೂ ಸಿಗ್ತದ, ದುಬಾರಿ ಬಂಗಾರದ ಬಣ್ಣದ್ದು ಏನೂ ಬ್ಯಾಡ. ವೈರ್ ಬದಲಾದ ಮ್ಯಾಲ ಟಿವಿಯೊಳಗ ಇನ್‌ಪುಟ್‌ನೂ ಬದಲ ಮಾಡಬೇಕು ಮತ್ತ, ಅದನ್ನ ಮರತು ಪರದೆ ಖಾಲಿ ಐತಿ ಅಂತ ಫೋನ್ ಮಾಡೋ ಮಂದಿ ಐತಿ.

ಮೊದಲ ಡಬ್ಬಿ, ಆಮ್ಯಾಲ ಟಿವಿ

ಈ ಕ್ರಮ ತಪ್ಪಿಸಬ್ಯಾಡ್ರಿ. ಯಾಕಂದ್ರ ಡಬ್ಬಿನೂ ಚಿತ್ರ ಎಳೀತದ, ಟಿವಿನೂ ಎಳೀತದ, ಇಬ್ಬರೂ ಕೂಡಿ ಎಳದ್ರ ಯಾರದು ತಪ್ಪು ಅಂತ ಪಂಚಾಯ್ತಿ ಕೂಡ್ಸಿದ್ರೂ ಗೊತ್ತಾಗಂಗಿಲ್ಲ.

ಡಬ್ಬಿ ರಿಮೋಟ್‌ನ್ಯಾಗ ಮೆನು ಒತ್ರಿ, ಸೆಟ್ಟಿಂಗ್ಸ್ ಒಳಗ ಡಿಸ್‌ಪ್ಲೇ ಇಲ್ಲಾ ವಿಡಿಯೊ ಇಲ್ಲಾ ಟಿವಿ ಸೆಟ್ಟಿಂಗ್ ಅಂತ ಏನೋ ಒಂದು ಇರ್ತದ. ಅಲ್ಲಿ ಎರಡು ವಿಷಯ. ಒಂದು, ಟಿವಿ ಆಕಾರ ಯಾವುದು ಅಂತ ಕೇಳ್ತದ, 16:9 ಅಂತ ಹೇಳ್ರಿ. ಭಾಳ ಮನಿಯಾಗ ಹಳೀ ಟಿವಿ ಇದ್ದಾಗ ಕೇಬಲ್ಲಿನ ಹುಡುಗ 4:3 ಅಂತ ಇಟ್ಟ ಹೋಗಿರ್ತಾನ, ಟಿವಿ ಹೋಗಿ ಹೊಸಾದು ಬಂತು, ಡಬ್ಬಿಗೆ ಯಾರೂ ಹೇಳ್ಲೇ ಇಲ್ಲ, ಅದು ಪಾಪ ಇನ್ನೂ ಹಳೀ ಟಿವಿ ಐತಿ ಅಂತನ ತಿಳಕೊಂಡು ಕೆಲಸ ಮಾಡಾಕತ್ತಿರ್ತದ. ಎರಡನೇದು, ಆಕಾರ ಕೂಡಲಿಲ್ಲಾಂದ್ರ ಏನ್ ಮಾಡ್ಲಿ ಅಂತ. ಇಲ್ಲಿ ಫುಲ್, ಸ್ಟ್ರೆಚ್ ಅಂತ ಇದ್ದದ್ದು ಬಿಡ್ರಿ, ಪಿಲ್ಲರ್ ಬಾಕ್ಸ್, ಲೆಟರ್ ಬಾಕ್ಸ್, ನಾರ್ಮಲ್, ಒರಿಜಿನಲ್, ಇಂಥಾ ಹೆಸರು ಇದ್ರ ಅದನ್ನ ಆರಿಸ್ರಿ. ರೆಸಲ್ಯೂಶನ್ ಕೇಳಿದ್ರ ಎಚ್‌ಡಿ ಡಬ್ಬಿಗೆ 1080ಐ ಇಡ್ರಿ, ಟಿವಿ ತಗೊಳ್ಳಿಲ್ಲಾಂದ್ರ 720ಪಿ.

ಈಗ ಟಿವಿ ರಿಮೋಟ್. ಎಲ್‌ಜಿಯೊಳಗ ಆಸ್ಪೆಕ್ಟ್ ರೇಷಿಯೊ ಅಂತಾರ, ಸ್ಯಾಮ್‌ಸಂಗ್‌ನ್ಯಾಗ ಪಿಕ್ಚರ್ ಸೈಜ್, ಸೋನಿಯೊಳಗ ವೈಡ್ ಮೋಡ್, ಮಾಡೆಲ್ ಬದಲಾದಂಗ ಹೆಸರೂ ಸ್ವಲ್ಪ ಬದಲಾಗ್ತಾವ. ಡಬ್ಬಿ ಸರಿ ಮಾಡಿದ್ರ ಟಿವಿಯೊಳಗ 16:9 ಇಲ್ಲಾ ಫುಲ್ ಅಂತ ಇಟ್ಟು ರಿಮೋಟ್ ಕೆಳಗ ಇಟ್ಟಬಿಡ್ರಿ. ಎಚ್‌ಡಿಎಂಐನ್ಯಾಗ 1080 ಬಂದ್ರ ಅದರ ಆಕಾರನ 16:9, ಟಿವಿ ಹೊಸಾದಾಗಿ ಏನೂ ಎಳಿಯೋ ಜರೂರಿ ಇಲ್ಲ.

ಇಷ್ಟಾದ್ರೂ ಸರಿ ಆಗ್ಲಿಲ್ಲಾಂದ್ರ ರೋಗ ಗುರ್ತ ಹಿಡೀಬೇಕು. ಮಂದಿ ದಪ್ಪ ಕಾಣ್ತಾರ, ಮ್ಯಾಲ ಕೆಳಗ ಪಟ್ಟಿನೂ ಐತಿ ಅಂದ್ರ ಡಬ್ಬಿ ಇನ್ನೂ 4:3 ಅಂತನ ತಿಳಕೊಂಡೈತಿ. ಮಂದಿ ತೆಳ್ಳಗ, ಉದ್ದಕ, ಉಪಾಸ ಇದ್ದಂಗ ಕಾಣ್ತಾರ, ಆಜೂಬಾಜೂ ಪಟ್ಟಿ ಐತಿ ಅಂದ್ರ ಟಿವಿ 4:3ದಾಗ ಕುಂತೈತಿ, ಬರಾಕತ್ತಿದ್ದು ಅಗಲ ಚಿತ್ರ. ನಡುವ ಕುಂತಾಂವ ಸರಿ ಕಾಣ್ತಾನ, ಅಂವಾ ಎದ್ದು ಬಾಜೂಕ ನಡಕೊಂತ ಹೋದ್ರ ಹೋಗ್ತಾ ಹೋಗ್ತಾ ದಪ್ಪ ಆಗ್ತಾನ ಅಂದ್ರ ಅದು ವೈಡ್ ಜೂಮ್, ಪ್ಯಾನೊರಾಮಾ ಅಂತ ಬರೋ ಮೋಡಿನ ಕರಾಮತ್ತು, ನಡುವಿಂದು ಬಿಟ್ಟು ಅಂಚಷ್ಟ ಎಳೀತದ. ಇದು ನನಗ ಎಲ್ಲಾದಕ್ಕಿಂತ ಸಿಟ್ಟು ತರಸೋ ಮೋಡ್, ಕಳ್ಳತನ ಮಾಡಿ ಗೊತ್ತಾಗದಂಗ ಮುಚ್ಚಿಟ್ಟಂಗ.

ಇನ್ನ ಕೆಲವೊಂದು ಸಲ ಚಾನೆಲ್‌ನೋರ ಹಳೀ ಸಿನಿಮಾ ಎಳದು ಕಳಿಸಿರ್ತಾರ. ಅವಾಗ ಡಬ್ಬಿದೂ ತಪ್ಪಿಲ್ಲ, ಟಿವಿದೂ ತಪ್ಪಿಲ್ಲ. ಅದಕ್ಕ ಔಷಧ ಟಿವಿ ರಿಮೋಟಿನ 4:3, ಎಳದದ್ದನ್ನ ಅದು ಹೊಳ್ಳಿ ಒಳಗ ಒತ್ತಿ ಸರಿ ಮಾಡ್ತದ, ಕಾಕಾನ ಮನಿಯಾಗ ನಾ ಮಾಡಿದ್ದು ಅದ. ಕಾರ್ಯಕ್ರಮ ಮುಗಿದ ಮ್ಯಾಲ ಹೊಳ್ಳಿ 16:9ಕ್ಕ ತರೂದು ಮರೀಬ್ಯಾಡ್ರಿ, ಇಲ್ಲಾಂದ್ರ ಮರುದಿನ ವಾರ್ತೆ ಓದೋರು ಬಡಕಾಗಿರ್ತಾರ.

ಜೂಮ್ ಬೇಕೋ ಬ್ಯಾಡೋ

ಜೂಮ್ ಮಾಡಿದ್ರ ಆಕಾರ ಕೆಡಂಗಿಲ್ಲ, ಪಟ್ಟಿನೂ ಹೋಗ್ತಾವ, ಕಾಕಾನಂಥೋರಿಗೆ ಭಾಳ ಸಮಾಧಾನ. ಆದ್ರ 4:3 ಚಿತ್ರಾನ ಜೂಮ್ ಮಾಡಿ ತುಂಬ್ಸಿದ್ರ ಎತ್ತರದಾಗ ನಾಕರಾಗ ಒಂದು ಪಾಲು ಮ್ಯಾಲ ಕೆಳಗ ಕತ್ತರಿಸಿ ಹೋಗ್ತದ. ನಮ್ಮ ಗದಗಿನ ಸುನೀಲ ಜೋಶಿ 1999ರಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾ ಮ್ಯಾಲ 10 ಓವರ್‌ನ್ಯಾಗ 6 ಮೇಡನ್ ಹಾಕಿ 6 ರನ್ ಕೊಟ್ಟು 5 ವಿಕೆಟ್ ತಗೊಂಡ ಮ್ಯಾಚ್ ಐತಲ್ಲ, ಅಂಥಾ ಹಳೀ ಮ್ಯಾಚ್ ಜೂಮ್ ಮಾಡಿ ನೋಡಿದ್ರ ಪರದೆ ತಳದಾಗ ಬರೋ ಅಂಕಿನ ಕತ್ತರಿಸಿ ಹೋಗ್ತಾವ, ಇನ್ನೇನ್ ನೋಡಿದಂಗಾತು? ಜೂಮಿಗೆ ಸರಿಯಾದ ಜಾಗ ಒಂದ ಐತಿ, ನಾಕೂ ಕಡೆ ಕರೀ ಪಟ್ಟಿ ಬಂದು ಚಿತ್ರ ನಡುವ ಪೋಸ್ಟ್ ಸ್ಟಾಂಪ್ ಆದಾಗ. ಅಂದ್ರ ಅಗಲ ಚಿತ್ರಾನ ಯಾರೋ 4:3 ಚೌಕಟ್ಟಿನಾಗ ಇಟ್ಟಾರ, ಆ ಚೌಕಟ್ಟನ್ನ ಟಿವಿ ಹೊಳ್ಳಿ 16:9 ಒಳಗ ಇಟ್ಟೈತಿ. ಅವಾಗ ಜೂಮ್ ಒತ್ತಿದ್ರ ಬರೇ ಪಟ್ಟಿ ಹೋಗ್ತಾವ, ಚಿತ್ರ ಒಂದು ಚೂರೂ ಕಡಿಮಿ ಆಗಂಗಿಲ್ಲ, ಸ್ವಲ್ಪ ಮಸುಕು ಆಗ್ತದ ಅಷ್ಟ.

ಅಂಚು ಕದಿಯೋ ಟಿವಿ

ವಾರ್ತೆ ನೋಡುವಾಗ ಕೆಳಗ ಓಡೋ ಅಕ್ಷರದ ತಳ ಹೋಗೈತಿ, ಚಾನೆಲ್ ಲೋಗೊ ಅರ್ಧ ಗ್ವಾಡಿ ಒಳಗ ಹೋದಂಗೈತಿ, ಆದ್ರ ತಾಟು ದುಂಡಗ ಐತಿ. ಇದಕ್ಕ ಓವರ್‌ಸ್ಕ್ಯಾನ್ ಅಂತಾರ. ಗಾಜಿನ ಟ್ಯೂಬ್ ಟಿವಿ ಕಾಲದಾಗ ಅಂಚು ನೆಟ್ಟಗ ಬರ್ತಿದ್ದಿಲ್ಲ, ವೋಲ್ಟೇಜ್ ಹೆಚ್ಚು ಕಡಿಮಿ ಆದ್ರ ಚಿತ್ರ ಹಿಗ್ಗತಿತ್ತು, ಕುಗ್ಗತಿತ್ತು, ಅದಕ್ಕ ಚಿತ್ರಾನ ಪರದೆಗಿಂತ ಸ್ವಲ್ಪ ದೊಡ್ಡದು ಮಾಡಿ ಅಂಚು ಮುಚ್ಚಿಡತಿದ್ರು. ಈಗಿನ ಟಿವಿಗೆ ಆ ಕಾರಣ ಇಲ್ಲ, ಚಟ ಮಾತ್ರ ಉಳದೈತಿ. ಎಲ್‌ಜಿಯೊಳಗ ಜಸ್ಟ್ ಸ್ಕ್ಯಾನ್ ಆನ್ ಮಾಡ್ರಿ, ಸ್ಯಾಮ್‌ಸಂಗ್‌ನ್ಯಾಗ ಫಿಟ್ ಟು ಸ್ಕ್ರೀನ್ ಇಲ್ಲಾ ಸ್ಕ್ರೀನ್ ಫಿಟ್, ಸೋನಿಯೊಳಗ ಡಿಸ್‌ಪ್ಲೇ ಏರಿಯಾಕ್ಕ ಹೋಗಿ ಫುಲ್ ಪಿಕ್ಸೆಲ್. 1920×1080 ಇರೋ ಫುಲ್ ಎಚ್‌ಡಿ ಟಿವಿಯೊಳಗ ಇದು ಮಾಡಿದ ಕೂಡ್ಲೆ ಅಕ್ಷರ ಚೂಪಾಗ್ತಾವ, ಯಾಕಂದ್ರ ಬಂದ ಒಂದು ಚುಕ್ಕಿಗೆ ಪರದೆ ಮ್ಯಾಲ ಒಂದ ಚುಕ್ಕಿ ಸಿಗ್ತದ. 32 ಇಂಚಿನವು ಭಾಳಷ್ಟು 1366×768 ಇರ್ತಾವ, ಅಲ್ಲಿ ಅಷ್ಟು ಫರಕ್ ಕಾಣಂಗಿಲ್ಲ, ಅಂಚು ಹೊಳ್ಳಿ ಬರ್ತದ ಅಷ್ಟ. ಲ್ಯಾಪ್‌ಟಾಪ್ ಹಚ್ಚಿದಾಗ ಕೆಳಗಿನ ಟಾಸ್ಕ್‌ಬಾರ್ ಕಾಣವಲ್ದು ಅಂದ್ರನೂ ಇದ ರೋಗ, ಇದ ಔಷಧ.

ಕಡೀ ಕೆಲಸ ಪೆನ್ನು ಕಾಗದದ್ದು. ಡಬ್ಬಿ ಬದಲಾದ್ರ, ಸಾಫ್ಟ್‌ವೇರ್ ಅಪ್‌ಡೇಟ್ ಆದ್ರ, ಇಲ್ಲಾ ಮನಿಗೆ ಬಂದ ಹುಡುಗರು ರಿಮೋಟ್ ಒತ್ತಿ ಆಟ ಆಡಿದ್ರ ಎಲ್ಲಾ ಹೊಳ್ಳಿ ಮೊದಲಿನಂಗ ಆಗಬಹುದು. ಸರಿ ಕುಂತ ದಿನಾನ ಯಾವ ಇನ್‌ಪುಟ್, ಡಬ್ಬಿಯೊಳಗ ಏನು, ಟಿವಿಯೊಳಗ ಏನು ಅಂತ ಚೀಟಿ ಬರದು ಡಬ್ಬಿ ತಳಕ್ಕ ಅಂಟಸ್ರಿ. ಬೆಟಗೇರಿಯೊಳಗ ನಾ ಬರದ ಚೀಟಿ ಕಾಕೂ ಜೋಪಾನ ಇಟ್ಟಾರ. ಕಾಕಾ ವಾರ್ತೆಗೆ 16:9 ಇಡ್ತಾರ, ಹಳೀ ಕಚೇರಿ ಬಂದ್ರ 4:3, ಆದ್ರ ಯಾರರ ಟಿವಿ ನೋಡಾಕ ಮನಿಗೆ ಬಂದ್ರ ಲಗೂನ ತುಂಬ ಮಾಡಿಬಿಡ್ತಾರಂತ.